ತಮ್ಮದೇ ಶೈಲಿಯಲ್ಲಿ

ಪತ್ರಿಕೆಯ ಡೆಸ್ಕಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಕಾಲದಲ್ಲಿ ಒಂದು ವಾಕ್ಯವನ್ನು ನಾನು ಲೆಕ್ಕವಿಲ್ಲದಷ್ಟು ಸಲ ಬರೆದಿದ್ದೇನೆ: ‘ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ ಆರೋಪಿ ಬಾಯಿಬಿಟ್ಟಿದ್ದಾನೆ.’ ಅದ್ಯಾವ ಶೈಲಿ ಸ್ವಾಮಿ ಅಂತ ಒಬ್ಬ ಓದುಗರೂ ಪತ್ರ ಬರೆದು ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಬೆಂಡೆತ್ತಿದರು, ಲಾಠಿ ರುಚಿ ತೋರಿಸಿದರು, ಏರೋಪ್ಲೇನ್ ಹತ್ತಿಸಿದರು. ಇದನ್ನು ಹೇಳಲು ಕನ್ನಡದಲ್ಲಿ ಮಾತಿಗೇನೂ ಬರವಿಲ್ಲ. ಬರವಿರುವುದು ಕಾನೂನು ಪುಸ್ತಕದಲ್ಲಿ. ತಪ್ಪೊಪ್ಪಿಗೆಗಾಗಿ ಗಾಯಪಡಿಸಿದರೆ ಶಿಕ್ಷೆ ಉಂಟು, ಆದರೆ ‘ಚಿತ್ರಹಿಂಸೆ’ ಎಂದರೇನು ಎಂಬ ವ್ಯಾಖ್ಯೆ ನಮ್ಮ ದಂಡಸಂಹಿತೆಯಲ್ಲಿ ಹಿಂದೆಯೂ ಇರಲಿಲ್ಲ, ಹೊಸ ನ್ಯಾಯ ಸಂಹಿತೆಯಲ್ಲೂ ಇಲ್ಲ.

ವಿಶ್ವಸಂಸ್ಥೆ 1984ರಲ್ಲಿ ಅಂಗೀಕರಿಸಿದ ಚಿತ್ರಹಿಂಸೆ ವಿರೋಧಿ ಒಪ್ಪಂದದ ಮೊದಲ ವಿಧಿಯೇ ಆ ವ್ಯಾಖ್ಯೆ. ಮಾಹಿತಿ ಕಕ್ಕಿಸಲು, ತಪ್ಪೊಪ್ಪಿಸಲು, ಶಿಕ್ಷಿಸಲು, ಹೆದರಿಸಲು ಬೇಕೆಂದೇ ಕೊಡುವ ತೀವ್ರ ನೋವು, ದೇಹದ್ದಾಗಲಿ, ಮನಸ್ಸಿನದ್ದಾಗಲಿ. ಕೊಡುವವನು ಸರ್ಕಾರಿ ಅಧಿಕಾರಿ, ಇಲ್ಲವೇ ಅವನ ಕುಮ್ಮಕ್ಕಿನಿಂದ ಇನ್ನೊಬ್ಬ. ಕಂಡೂ ಕಾಣದಂತೆ ಸುಮ್ಮನಿದ್ದ ಅಧಿಕಾರಿಯೂ ಇದರೊಳಗೆ ಬರುತ್ತಾನೆ. ನನಗೆ ಇಷ್ಟವಾದ ಭಾಗ ಅದೇ. ಭಾರತ ಇದಕ್ಕೆ 1997ರ ಅಕ್ಟೋಬರ್ 14ರಂದು ಸಹಿ ಹಾಕಿತು. ಅನುಮೋದನೆ ಮಾತ್ರ ಕೊಟ್ಟಿಲ್ಲ. ನಿಶ್ಚಿತಾರ್ಥ ಮುಗಿಸಿ, ಲಗ್ನದ ದಿನ ಕೇಳಿದರೆ ‘ನೋಡೋಣ’ ಎನ್ನುವ ಗಂಡಿನ ಕಡೆಯವರ ಹಾಗೆ ಕಾಲು ಶತಮಾನ ದಾಟಿಸಿದ್ದೇವೆ. ಚೀನಾ, ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಕೊನೆಗೆ 2010ರಲ್ಲಿ ಪಾಕಿಸ್ತಾನ ಕೂಡ ಅನುಮೋದಿಸಿಯಾಗಿದೆ. ಅಲ್ಲಿನ ಠಾಣೆಗಳು ಆಶ್ರಮಗಳಾಗಿವೆ ಎಂದು ನಾನೇನೂ ಹೇಳುತ್ತಿಲ್ಲ. ಆದರೆ ಆ ಸರ್ಕಾರಗಳು ಜಿನೀವಾದಲ್ಲಿ ಈ ಒಪ್ಪಂದದ ಸಮಿತಿಯ ಮುಂದೆ ಹೋಗಿ ಕೂತು ಲೆಕ್ಕ ಒಪ್ಪಿಸಬೇಕು. ನಮಗೆ ಆ ಇಕ್ಕಟ್ಟಿಲ್ಲ.

ಕಾನೂನು ಇದ್ದಿದ್ದರೆ ಏನಾಗುತ್ತಿತ್ತು? ಮಲೆ ಮಹದೇಶ್ವರ ಬೆಟ್ಟದ ಕಡೆ ಕೇಳಿ. ವೀರಪ್ಪನ್ ಬೇಟೆಗಿದ್ದ ವಿಶೇಷ ಕಾರ್ಯಪಡೆ ಅಲ್ಲಿ ಜನರನ್ನು ವಿಚಾರಿಸುತ್ತಿದ್ದ ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರು ಬಿದ್ದಿತ್ತು. ಹೊಸೂರು ರಸ್ತೆಯಲ್ಲಿ ಬಸ್ಸು ರಿಪೇರಿ ಮಾಡುವ ಜಾಗಕ್ಕೆ ಇಡುವ ಹೆಸರು. ರಿಪೇರಿಗೆ ಬರುತ್ತಿದ್ದವರು ಕಾಡಂಚಿನ ಹಳ್ಳಿಗಳ ಬಡವರು, ಹೆಂಗಸರೂ ಸೇರಿ. ಕರೆಂಟ್ ಶಾಕ್ ಕೊಟ್ಟರು, ನೇತುಹಾಕಿ ಹೊಡೆದರು ಎಂದು ಅವರು ಹೇಳಿಕೆ ಕೊಟ್ಟರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. ವರದಿ ಬಂದದ್ದು 2003ರಲ್ಲಿ. 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಎಂದು ಆಯೋಗ ಹೇಳಿದ್ದು 2007ರಲ್ಲಿ, ವೀರಪ್ಪನ್ ಸತ್ತು ಎರಡು ವರ್ಷ ಕಳೆದ ಮೇಲೆ. ಆಯೋಗದ್ದು ಬರೀ ಶಿಫಾರಸು. ಒಪ್ಪಂದದ 14ನೇ ವಿಧಿಯಲ್ಲಾದರೆ ಪರಿಹಾರ, ಪುನರ್ವಸತಿ ಎರಡೂ ಹಕ್ಕು. ಯಾರ ಕೃಪೆಯೂ ಬೇಡ.

‘ಅಂಥ ಕಾಡುಗಳ್ಳನನ್ನು ಹಿಡಿಯಲು ಮುದ್ದು ಮಾಡಬೇಕಿತ್ತೇ?’ ಎನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಒಪ್ಪಂದ ಬರೆದವರಿಗೂ ಗೊತ್ತಿತ್ತು. ಯುದ್ಧವಿರಲಿ, ಯುದ್ಧದ ಭೀತಿಯಿರಲಿ, ದೇಶದೊಳಗಿನ ಗಲಭೆಯಿರಲಿ, ಯಾವುದೂ ನೆಪವಾಗದು, ‘ಸಾಹೇಬರು ಹೇಳಿದರು’ ಎಂಬುದೂ ಆಗದು ಎಂದು 2ನೇ ವಿಧಿಯಲ್ಲೇ ಬರೆದಿಟ್ಟರು.

ದೆಹಲಿಯ ಕಥೆ ಬೇಗ ಹೇಳಿ ಮುಗಿಸಬಹುದು. 2010ರಲ್ಲಿ ಚಿತ್ರಹಿಂಸೆ ತಡೆ ಮಸೂದೆ ಲೋಕಸಭೆ ದಾಟಿತು, ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಯಿತು, ಅವಧಿ ಮುಗಿದು ಸತ್ತಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಹೊಸ ಕರಡನ್ನೇ ಬರೆದುಕೊಟ್ಟಿತು. ಅದೂ ಕಪಾಟಿನಲ್ಲಿದೆ. ಸುಪ್ರೀಂ ಕೋರ್ಟು 2019ರಲ್ಲಿ, ಇದು ಸಂಸತ್ತು ಮಾಡಬೇಕಾದ ಕೆಲಸ ಎಂದು ಕೈತೊಳೆದುಕೊಂಡಿತು.

ಬಡವರ ಬೆನ್ನಿನ ಲೆಕ್ಕ ಬೇಡವೆನ್ನುವವರು ಈ ಲೆಕ್ಕವನ್ನಾದರೂ ನೋಡಲಿ. ಚಿತ್ರಹಿಂಸೆಯ ಅಪಾಯವಿರುವ ದೇಶಕ್ಕೆ ಯಾರನ್ನೂ ಒಪ್ಪಿಸಬಾರದು ಎನ್ನುತ್ತದೆ 3ನೇ ವಿಧಿ. ಪುರುಲಿಯಾದಲ್ಲಿ 1995ರಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಸುರಿದ ಪ್ರಕರಣದ ಆರೋಪಿ ಕಿಮ್ ಡೇವಿಯನ್ನು ನಮಗೆ ಒಪ್ಪಿಸಲು ಡೆನ್ಮಾರ್ಕಿನ ನ್ಯಾಯಾಲಯ ಇಂಥದೇ ಅಪಾಯ ಮುಂದಿಟ್ಟು 2011ರಲ್ಲಿ ನಿರಾಕರಿಸಿತು. 2024ರಲ್ಲಿ ಮತ್ತೆ ಅದೇ ಉತ್ತರ. 2025ರ ಫೆಬ್ರುವರಿಯಲ್ಲಿ ಲಂಡನ್ನಿನ ಹೈಕೋರ್ಟು, ತಿಹಾರ್ ಜೈಲಿನಲ್ಲಿ ಸುಲಿಗೆ ಮತ್ತು ಹಲ್ಲೆಯ ಅಪಾಯವಿದೆ ಎಂದು ಶಸ್ತ್ರಾಸ್ತ್ರ ದಲ್ಲಾಳಿ ಸಂಜಯ್ ಭಂಡಾರಿಯ ಹಸ್ತಾಂತರವನ್ನು ತಡೆಯಿತು. ಏನೂ ಆಗದಂತೆ ನೋಡಿಕೊಳ್ಳುತ್ತೇವೆ ಎಂಬ ನಮ್ಮ ಸರ್ಕಾರದ ಭರವಸೆ ಪತ್ರ ಎರಡೂ ಕಡೆ ಮೇಜಿನ ಮೇಲಿತ್ತು. ಆ ನ್ಯಾಯಾಧೀಶರು ಕನ್ನಡ ಪತ್ರಿಕೆ ಓದುವವರಲ್ಲ. ನಮ್ಮ ಶೈಲಿ ಅವರಿಗೂ ಗೊತ್ತಿತ್ತು.