ಹೊಟ್ಟೆಯೊಳಗಿನ ಮಗು ಯಾರ ಲೆಕ್ಕಕ್ಕೂ ಇಲ್ಲವೇ?





ಹೃದಯದ ತೊಂದರೆ ಇದ್ದ ಮಗುವಿಗೆ ಉಚಿತ ಶಸ್ತ್ರಚಿಕಿತ್ಸೆ ಆಯಿತು ಎಂಬ ಸುದ್ದಿ, ನಗುವ ಮಗುವಿನ ಫೋಟೊ ಸಮೇತ, ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಿದಾಗೆಲ್ಲ ಕಣ್ಣು ತುಂಬುತ್ತದೆ. ನನ್ನ ಮಗಳೂ ಅಂಥ ಒಬ್ಬಳು. ಆದರೆ ಮಗು ಹುಟ್ಟುವ ಮೊದಲಿನ ಮೂರ್ನಾಲ್ಕು ತಿಂಗಳ ಮಾತು ಆ ಸುದ್ದಿಗಳಲ್ಲಿ ಇರುವುದಿಲ್ಲ. ಆ ತಿಂಗಳುಗಳನ್ನು ನಮ್ಮ ಆರೋಗ್ಯ ವ್ಯವಸ್ಥೆ ಬಸುರಿಯ ಹಣೆಬರಹಕ್ಕೆ ಬಿಟ್ಟುಬಿಟ್ಟಿದೆ. ನನ್ನ ತಕರಾರು ಅದರ ಬಗ್ಗೆ.

ನಾವು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯವರು. ಹೊಟ್ಟೆಯೊಳಗಿನ ಮಗುವಿನ ಅಂಗಾಂಗಗಳಲ್ಲಿ ದೋಷವಿದೆಯೇ ಎಂದು ನೋಡುವ, 18ರಿಂದ 20 ವಾರದೊಳಗೆ ಆಗಬೇಕಾದ ಅನಾಮಲಿ ಸ್ಕ್ಯಾನ್ ನನಗೆ ಆದದ್ದು 25ನೇ ವಾರದಲ್ಲಿ. ಮೊದಲು ಸರದಿ ಸಿಗಲಿಲ್ಲ, ಆಮೇಲೆ ಯಂತ್ರ ಕೆಟ್ಟಿತು, ಆಮೇಲೆ ವೈದ್ಯರು ರಜೆ ಹೋದರು. ಕೊನೆಗೆ ಖಾಸಗಿ ಕೇಂದ್ರವೊಂದಕ್ಕೆ ಹೋದೆವು. ಅಲ್ಲಿಯ ವೈದ್ಯರು ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದರು. ‘ಹಾರ್ಟಲ್ಲಿ ಏನೋ ಇದೆ, ಬೆಂಗಳೂರಿಗೆ ಹೋಗಿ ತೋರಿಸಿ’ ಎಂದರು. ಏನಿದೆ, ಯಾರಿಗೆ ತೋರಿಸಬೇಕು ಎಂದು ನನ್ನ ಗಂಡ ಕೇಳುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು. ಗೋಡೆಯ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ’ ಎಂಬ ಫಲಕ ಇತ್ತು. ಅದು ಇರಲೇಬೇಕು. ಆದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಹೇಳಬಾರದು ಎಂದಿರುವುದು ಹೆಣ್ಣೋ ಗಂಡೋ ಎಂಬುದನ್ನು ಮಾತ್ರ. ಮಗುವಿಗೆ ಏನಾಗಿದೆ ಎಂದು ತಾಯಿಗೆ ತಿಳಿಸಿ ಹೇಳುವುದನ್ನು ಅದು ತಡೆದಿಲ್ಲ.

ಬೆಂಗಳೂರಿನಲ್ಲಿ ವೈದ್ಯರ ದಿನ ಸಿಗಲು 19 ದಿನ ಬೇಕಾಯಿತು. ಆ 19 ದಿನ ನಾನು ಹೇಗಿದ್ದೆ ಎಂದು ಬರೆಯಲು ಇವತ್ತಿಗೂ ಕೈ ಬರುವುದಿಲ್ಲ. ಮಗು ಒದ್ದರೆ ಬದುಕಿದೆ ಎಂದು ಸಮಾಧಾನ, ಒದೆಯದಿದ್ದರೆ ನಡುರಾತ್ರಿ ಎದ್ದು ಕೂರುವುದು. ಸೀಮಂತಕ್ಕೆ ತಂದಿದ್ದ ಹಸಿರು ಸೀರೆ ಮಡಿಕೆ ಬಿಚ್ಚದೆ ಹಾಗೇ ಉಳಿಯಿತು. ‘ಗ್ರಹಣದಾಗ ಹೊರಗ ಹೋಗಿದ್ದೇನು?’ ಎಂದು ಓಣಿಯವರು ಕೇಳಿದರು. ಕೇಳಿದವರು ಕೆಟ್ಟವರಲ್ಲ, ಅವರಿಗೆ ತಿಳಿದದ್ದು ಅಷ್ಟು. ಆದರೆ ನಾನೂ ಅದನ್ನು ನಂಬಿದೆ. ಏನು ತಿಂದೆ, ಯಾವ ಮಾತ್ರೆ ತಪ್ಪಿಸಿದೆ ಎಂದು ದಿನ ದಿನದ ಲೆಕ್ಕ ತೆಗೆದೆ. ಗರ್ಭ ನಿಂತು ಎಂಟು ವಾರವಾಗುವಷ್ಟರಲ್ಲಿ ಮಗುವಿನ ಹೃದಯ ರೂಪುಗೊಂಡು ಮುಗಿದಿರುತ್ತದೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಅವರು ಹೇಳಿದ ಗ್ರಹಣ ಬಂದದ್ದು ನನ್ನ ಐದನೇ ತಿಂಗಳಲ್ಲಿ. ಸಕ್ಕರೆ ಕಾಯಿಲೆ, ರುಬೆಲ್ಲಾ ಸೋಂಕು, ಕೆಲವು ಔಷಧಗಳು, ಸೋದರಮಾವನಂಥ ಹತ್ತಿರದ ರಕ್ತಸಂಬಂಧದಲ್ಲಿ ಮದುವೆ, ಇವು ಅಪಾಯ ಹೆಚ್ಚಿಸುತ್ತವೆ ನಿಜ. ಆದರೆ ಹೆಚ್ಚಿನ ಮಕ್ಕಳಲ್ಲಿ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಈ ಎರಡು ಮಾತನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ನಾನು 19 ದಿನ ಅಪರಾಧಿಯಂತೆ ಬದುಕಬೇಕಿರಲಿಲ್ಲ.

ಫೀಟಲ್ ಎಕೋ, ಅಂದರೆ ಹೊಟ್ಟೆಯೊಳಗಿನ ಮಗುವಿನ ಹೃದಯದ ಸ್ಕ್ಯಾನ್, ಮಾಡಿದ ವೈದ್ಯೆ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಅದಲುಬದಲಾಗಿದ್ದವು. ಹೊಟ್ಟೆಯೊಳಗೆ ಉಸಿರಾಟದ ಕೆಲಸವನ್ನು ಮಾಸು ಮಾಡುವುದರಿಂದ ಮಗು ಅಲ್ಲಿ ಕ್ಷೇಮವಾಗಿಯೇ ಇರುತ್ತದೆ. ಕಷ್ಟ ಶುರುವಾಗುವುದು ಹುಟ್ಟಿದ ಮೇಲೆ. ಎರಡೂ ರಕ್ತ ಬೆರೆಯಲು ಇರುವ ಸಣ್ಣ ನಾಳ ಮುಚ್ಚತೊಡಗುತ್ತದೆ, ಮಗು ನೀಲಿಗಟ್ಟುತ್ತದೆ. ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧ ಅದನ್ನು ತೆರೆದಿಡುತ್ತದೆ, ಮೊದಲ ಎರಡು ಮೂರು ವಾರದೊಳಗೆ ನಾಳಗಳನ್ನು ಅದಲುಬದಲು ಮಾಡಿ ಹೊಲಿಯಬೇಕು. ಈ ಶಸ್ತ್ರಚಿಕಿತ್ಸೆ ಮೊದಲು ಯಶಸ್ವಿಯಾದದ್ದು 1975ರಲ್ಲಿ, ಬ್ರೆಜಿಲಿನಲ್ಲಿ. ಈಗ ಬೆಂಗಳೂರಿನಲ್ಲೇ ಆಗುತ್ತದೆ. ಅರ್ಧ ಗಂಟೆಯ ಆ ಮಾತಿನ ನಂತರ ನನಗೆ ಹಸಿವಾಯಿತು. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ನನ್ನ ಪಕ್ಕ ಕಾಯುತ್ತಿದ್ದ ಹೆಣ್ಣುಮಗಳಿಗೆ ಅಂಥ ಮಾತು ಸಿಗಲಿಲ್ಲ. ಅವಳ ಮಗುವಿನ ಹೃದಯದ ಎಡಭಾಗ ಬೆಳೆದೇ ಇರಲಿಲ್ಲ. ಅವಳಿಗೆ 22 ವಾರ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ ಇಂಥ ಸಂದರ್ಭದಲ್ಲಿ 24 ವಾರದವರೆಗೆ ಗರ್ಭ ತೆಗೆಸಲು ಇಬ್ಬರು ವೈದ್ಯರ ಒಪ್ಪಿಗೆ ಸಾಕು. ಅದು ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಅವಳು ಗಂಡನ ಜೊತೆ ಕೂತು ಅತ್ತು, ಯೋಚಿಸಿ, ತೀರ್ಮಾನ ಮಾಡಿಕೊಂಡಳು. ಅದು ಸರಿಯೋ ತಪ್ಪೋ ಎಂದು ಕೇಳುವ ಹಕ್ಕು ನನಗಿಲ್ಲ, ಯಾರಿಗೂ ಇಲ್ಲ. ಆದರೆ ನನ್ನಂತೆ 25ನೇ ವಾರದಲ್ಲಿ ಸ್ಕ್ಯಾನ್ ಆಗಿದ್ದರೆ ಕಾನೂನು ಕೊಟ್ಟ ಆ ದಿನಗಳು ಅವಳ ಪಾಲಿಗೆ ಇರುತ್ತಿರಲಿಲ್ಲ.

ನನ್ನ ಮಗಳು ಹೃದಯ ಚಿಕಿತ್ಸೆ ಇರುವ ಆಸ್ಪತ್ರೆಯಲ್ಲೇ ಹುಟ್ಟಿದಳು, ಒಂಬತ್ತನೇ ದಿನ ಆಪರೇಷನ್ ಆಯಿತು. ಊರಲ್ಲೇ ಹೆತ್ತಿದ್ದರೆ ನೀಲಿಗಟ್ಟಿದ ಕೂಸನ್ನು ಎತ್ತಿಕೊಂಡು ಸುಮಾರು 300 ಕಿಲೋಮೀಟರ್ ಓಡಬೇಕಿತ್ತು.

ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟೊಂಬತ್ತು ಮಕ್ಕಳಿಗೆ ಹೃದಯದ ದೋಷ ಇರುತ್ತದೆ. ದೇಶದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 2 ಲಕ್ಷ ಮಕ್ಕಳು. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಒಳ್ಳೆಯ ಯೋಜನೆ, ಎಷ್ಟೋ ಮಕ್ಕಳು ಅದರಿಂದ ಬದುಕಿದ್ದಾರೆ. ಆದರೆ ಅದರ ಲೆಕ್ಕ ಶುರುವಾಗುವುದು ಹುಟ್ಟಿದ ದಿನದಿಂದ. ಏಳು ತಿಂಗಳ ಹೊಟ್ಟೆ ಹೊತ್ತು ವಿಚಾರಿಸಲು ಹೋದಾಗ ನನಗೆ ಸಿಕ್ಕ ಉತ್ತರ: ‘ಹುಟ್ಟಿದ ಮೇಲೆ ಬನ್ನಿ.’ ದೋಷ ಕಣ್ಣಿಗೆ ಕಂಡಿದೆ, ಹುಟ್ಟಿದ ಕೂಡಲೇ ಹಾಸಿಗೆ ಬೇಕು, ಔಷಧ ಬೇಕು, ಹಣ ಬೇಕು ಎಂದು ಗೊತ್ತಿದೆ. ಗೊತ್ತಿದ್ದೂ ಹುಟ್ಟುವವರೆಗೆ ಕಾಯಿ ಎಂದರೆ ಏನರ್ಥ?

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. 20 ವಾರದ ಒಳಗಿನ ಒಬ್ಬಳಿಗೂ ಸ್ಕ್ಯಾನ್ ತಪ್ಪದಂತೆ ಅಂದೇ ದಿನ ಗೊತ್ತುಮಾಡಲಿ. ಹೃದಯ ತಜ್ಞರು ತಿಂಗಳಿಗೆ ಒಂದು ದಿನವಾದರೂ ಪ್ರತಿ ಜಿಲ್ಲಾಸ್ಪತ್ರೆಗೆ ಬಂದು ಫೀಟಲ್ ಎಕೋ ಮಾಡಲಿ. ದೋಷ ಕಂಡ ತಾಯಿಯ ಹೆಸರು ಅಂದೇ ಯೋಜನೆಯಲ್ಲಿ ದಾಖಲಾಗಿ, ಹೆರಿಗೆ ಎಲ್ಲಿ ಎಂಬುದು ಮೊದಲೇ ನಿಶ್ಚಯವಾಗಲಿ. ಕೈಯಲ್ಲಿ ರಿಪೋರ್ಟ್ ಹಿಡಿದು ಹೊರಬಂದವಳ ಜೊತೆ ಹತ್ತು ನಿಮಿಷ ಕೂತು ಕನ್ನಡದಲ್ಲಿ ವಿವರಿಸುವ ಒಬ್ಬ ಆಪ್ತಸಮಾಲೋಚಕರು ಇರಲಿ. ಆರೋಗ್ಯ ಸಚಿವರಲ್ಲಿ ಇದು ನನ್ನ ಬೇಡಿಕೆ.

ಇದನ್ನು ಓದುತ್ತಿರುವ ಬಸುರಿ ತಂಗಿಯರಲ್ಲೂ ಒಂದು ಮಾತು. ಸ್ಕ್ಯಾನ್ ಕೋಣೆಯಲ್ಲಿ ಸುಮ್ಮನೆ ಎದ್ದು ಬರಬೇಡಿ. ಹೃದಯದ ನಾಲ್ಕು ಕೋಣೆಗಳು ಕಂಡವೇ, ಹೊರಡುವ ಎರಡು ದೊಡ್ಡ ನಾಳಗಳೂ ಕಂಡವೇ ಎಂದು ಕೇಳಿ. ನನ್ನ ಮಗಳ ನಾಲ್ಕು ಕೋಣೆಗಳೂ ಸರಿಯಾಗಿದ್ದವು, ದೋಷ ಇದ್ದದ್ದು ನಾಳಗಳಲ್ಲಿ.

— ಒಬ್ಬ ತಾಯಿ, ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ