ಕಾಲೇಜು ಬಿಟ್ಟ ಮೇಲಿನ ಮೈಸೂರು

ಆರ್.ಕೆ. ನಾರಾಯಣ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಕೂತು ನಪಾಸಾದರು. ಮುಂದಿನ ವರ್ಷ ಅವರಿಗೆ ತರಗತಿಯೂ ಇಲ್ಲ, ಹಾಜರಿಯೂ ಇಲ್ಲ. ಪುಸ್ತಕ ಹಿಡಿದು ಕುಕ್ಕರಹಳ್ಳಿ ಕೆರೆಯ ಕಡೆ ನಡೆದುಹೋಗುವುದು, ಅಲ್ಲೇ ಕೂತು ಓದುವುದು, ಮೈಸೂರಿನ ಬೀದಿಗಳಲ್ಲಿ ಮನಸೋಇಚ್ಛೆ ಸುತ್ತುವುದು, ಇಷ್ಟೇ ದಿನಚರಿ. ಆಮೇಲೆ ಮಹಾರಾಜಾ ಕಾಲೇಜು ಸೇರಿ 1930ರಲ್ಲಿ ಬಿ.ಎ. ಮುಗಿಸಿದರು, ಅದಕ್ಕೂ ನಿಗದಿಗಿಂತ ಒಂದು ವರ್ಷ ಹೆಚ್ಚೇ ಹಿಡಿಯಿತು. ಅವರ ಆತ್ಮಕಥೆ ‘ಮೈ ಡೇಸ್’ ಓದಿದವರಿಗೆ, ಲೇಖಕನಿಗೆ ಬೇಕಾದ ವಿದ್ಯೆಯ ಬಹುಪಾಲು ಆ ಸುತ್ತಾಟದಲ್ಲೇ ಅವರಿಗೆ ದಕ್ಕಿತೆಂದು ಅನಿಸದೆ ಇರದು. ಆದರೆ ನಿಶ್ಚಿಂತೆಯಿಂದ ನಪಾಸಾಗುವುದಕ್ಕೂ ಒಂದು ಆಸರೆ ಬೇಕು. ನಾರಾಯಣರ ತಂದೆ ಮಹಾರಾಜಾ ಕಾಲೇಜಿಗೆ ಸೇರಿದ ಹೈಸ್ಕೂಲಿನ ಹೆಡ್‌ಮಾಸ್ಟರು. ಮನೆ ಮೈಸೂರಿನಲ್ಲೇ ಇತ್ತು, ಹೊತ್ತಿಗೆ ಸರಿಯಾಗಿ ಊಟವಿತ್ತು, ತಂದೆಯ ಶಾಲೆಯ ಗ್ರಂಥಾಲಯವಿತ್ತು.

ಅದೇ ದಶಕದಲ್ಲಿ ಮಲೆನಾಡಿನ ಕುಪ್ಪಳಿಯಿಂದ ಬಂದ ಪುಟ್ಟಪ್ಪ ಎಂಬ ಹುಡುಗನಿಗೆ ಮೈಸೂರಿನಲ್ಲಿ ಇವ್ಯಾವುವೂ ಇರಲಿಲ್ಲ. ವೆಸ್ಲಿಯನ್ ಶಾಲೆಯಲ್ಲಿ ಓದಿ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಆ ಹುಡುಗ, 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ಅವನ್ನು ತೋರಿಸಿದ. ನಿನ್ನ ಭಾಷೆಯಲ್ಲೇ ಬರೆ ಎಂಬ ಸಲಹೆ ಪಡೆದು ಹಿಂದಿರುಗಿದ. ಕನ್ನಡ ಸಾಹಿತ್ಯದ ದಿಕ್ಕನ್ನೇ ಬದಲಿಸಿದ ಈ ಪಾಠ ಯಾವ ಪಠ್ಯಕ್ರಮದಲ್ಲೂ ಇರಲಿಲ್ಲ. ಮುಂದೆ ಅನಾರೋಗ್ಯದಲ್ಲಿದ್ದ ಆ ಯುವಕನನ್ನು ಸ್ವಾಮಿ ಸಿದ್ಧೇಶ್ವರಾನಂದರು ರಾಮಕೃಷ್ಣಾಶ್ರಮಕ್ಕೆ ಕರೆತಂದು ಇರಿಸಿಕೊಂಡರು. ಅಲ್ಲಿದ್ದುಕೊಂಡೇ ಅವರು ಮಹಾರಾಜಾ ಕಾಲೇಜಿನ ಕನ್ನಡ ಎಂ.ಎ.ಯ ಮೊದಲ ತಂಡದಲ್ಲಿ ಓದಿ, 1929ರಲ್ಲಿ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ಕುವೆಂಪು ಎಂದು ಹೆಸರಾದ ಈ ಪುಟ್ಟಪ್ಪನವರ ಪ್ರತಿಭೆಯನ್ನು ಹೊಗಳುವಾಗ ಆಶ್ರಮದ ಆ ಕೋಣೆಯನ್ನೂ ನೆನೆಯಬೇಕು. ಇರಲು ಒಂದು ಕೋಣೆಯಿಲ್ಲದಿದ್ದರೆ ಆ ಯುವಕ ಊರಿಗೆ ಮರಳುವುದೇ ಹೆಚ್ಚು ಸಂಭವವಿತ್ತು.

ಇಬ್ಬರ ಕಥೆಯೂ ಒಂದೇ ಪ್ರಶ್ನೆಯನ್ನು ಮುಂದಿಡುತ್ತದೆ. ಹಳೆಯ ನಗರವೊಂದರಲ್ಲಿ ಕಾಲೇಜು ಇರುವುದರಿಂದ ವಿದ್ಯಾರ್ಥಿಗೆ ಆಗುವ ಲಾಭವೇನು? ಪಾಠ ಎಲ್ಲಿ ಬೇಕಾದರೂ ನಡೆದೀತು. ಹಳೆಯ ನಗರ ಕೊಡುವುದು ಪಾಠ ಮುಗಿದ ಮೇಲಿನ ಹೊತ್ತನ್ನು: ಸಂಜೆಯ ಭಾಷಣ, ನಾಟಕ, ಹಳೆ ಪುಸ್ತಕದಂಗಡಿ, ಹೋಟೆಲಿನ ಹರಟೆ, ಅನಿರೀಕ್ಷಿತ ಭೇಟಿ. ಹಾಗಾದರೆ ಆ ಸಂಜೆ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದು ಉನ್ನತ ಶಿಕ್ಷಣದ ಮುಖ್ಯ ಪ್ರಶ್ನೆಯಾಗಬೇಕು. ದುರದೃಷ್ಟಕ್ಕೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ದಾಖಲಾತಿ ಎಣಿಸುತ್ತಾರೆ, ಹಾಜರಿ ಎಣಿಸುತ್ತಾರೆ, ಫಲಿತಾಂಶ ಎಣಿಸುತ್ತಾರೆ.

ಮೈಸೂರಿನ ಆ ಸಂಜೆಯ ಸಂಪತ್ತು ಸಣ್ಣದಲ್ಲ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ಉಚಿತ ಇಂಗ್ಲಿಷ್ ಶಾಲೆಯೇ ಬೆಳೆದು ಮಹಾರಾಜಾ ಕಾಲೇಜಾಯಿತು. 1916ರಲ್ಲಿ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಬೆನ್ನೆಲುಬಾಗಿ ನಿಂತದ್ದೂ ಇದೇ. ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ 1891ರ ಓರಿಯಂಟಲ್ ಲೈಬ್ರರಿ. ಅಲ್ಲಿನ ತಾಳೆಗರಿಯೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದೆಯೆಂದು ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಜಗತ್ತು ಕಳೆದುಹೋಯಿತೆಂದುಕೊಂಡಿದ್ದ ಪುಸ್ತಕ ಕಾಲೇಜು ಹುಡುಗರು ದಿನಾ ಓಡಾಡುವ ರಸ್ತೆಯ ಪಕ್ಕದಲ್ಲೇ ಇತ್ತು. ಕಾಲೇಜಿನೊಳಗಿನ ಜೂನಿಯರ್ ಬಿ.ಎ. ಹಾಲ್‌ನಲ್ಲಿ ಸಭೆ ನಡೆದರೆ ಊರಿನವರೂ ಬಂದು ಕೂರುತ್ತಿದ್ದರು. 1918ರಿಂದ 1921ರವರೆಗೆ ಇಲ್ಲಿ ತತ್ತ್ವಶಾಸ್ತ್ರ ಕಲಿಸಿದ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಯನ್ನು ಹೂವಿನಿಂದ ಸಿಂಗರಿಸಿ ತಾವೇ ರೈಲ್ವೆ ನಿಲ್ದಾಣದವರೆಗೆ ಎಳೆದರು. ಬರೀ ನೋಟ್ಸ್ ಬರೆಸಿದ ಮೇಷ್ಟ್ರಿಗೆ ಇಂಥ ಬೀಳ್ಕೊಡುಗೆ ಸಿಗುವುದಿಲ್ಲ.

1950ರ ದಶಕದ ಕಾಫಿ ಹೌಸ್ ಕೂಟಗಳದು ಇನ್ನೊಂದು ಅಧ್ಯಾಯ. ಗೋಪಾಲಕೃಷ್ಣ ಅಡಿಗರು ಸೇಂಟ್ ಫಿಲೋಮಿನಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು; ಯು.ಆರ್. ಅನಂತಮೂರ್ತಿ ಮಹಾರಾಜಾ ಕಾಲೇಜಿನವರು. ಗುರುಶಿಷ್ಯರೆಂದು ದಾಖಲಾಗದ ಈ ಇಬ್ಬರು ಒಂದೇ ಮೇಜಿನ ಸುತ್ತ ಕೂತು ಕಾವ್ಯ, ರಾಜಕೀಯ, ಸಮಾಜವಾದ ಮಾತಾಡಿದ್ದರಿಂದ ನವ್ಯ ಸಾಹಿತ್ಯಕ್ಕೆ ಆದ ಲಾಭವನ್ನು ಅನಂತಮೂರ್ತಿಯವರು ‘ಸುರಗಿ’ಯಲ್ಲಿ ನೆನೆದಿದ್ದಾರೆ. ಧಾರವಾಡದಲ್ಲೂ ಇದೇ ಬಗೆ. ಕರ್ನಾಟಕ ಕಾಲೇಜಿನ ಹುಡುಗ ಗಿರೀಶ ಕಾರ್ನಾಡರಿಗೆ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯ ಅಟ್ಟವೇ ಎರಡನೇ ಕಾಲೇಜಾಯಿತು. ಅವರ ‘ಯಯಾತಿ’ ಅಚ್ಚಾದದ್ದೂ ಆ ಅಟ್ಟದಿಂದಲೇ, 1961ರಲ್ಲಿ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹಳೆಯ ಕಾಲದ ಹಂಬಲವಾದೀತು, ಅರ್ಧ ಸತ್ಯವೂ ಆದೀತು. ಆ ಸಂಜೆ ಎಲ್ಲರದಾಗಿರಲಿಲ್ಲ.

ಬಡ ಹುಡುಗರು ಮೈಸೂರಿನಲ್ಲಿ ಓದುವುದಕ್ಕೆ ಇದ್ದ ಹಳೆಯ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಎಸ್.ಎಲ್. ಭೈರಪ್ಪನವರು ‘ಭಿತ್ತಿ’ಯಲ್ಲಿ ಈ ವಾರಾನ್ನದ ಊಟವನ್ನೂ ಅದರೊಂದಿಗೆ ನುಂಗಬೇಕಾದ ಅವಮಾನವನ್ನೂ ಬರೆದಿದ್ದಾರೆ. ಅಷ್ಟು ಕಷ್ಟದ ದಾರಿಯೂ ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಮಾತ್ರ ತೆರೆದಿತ್ತು. ಯಾವ ಜಾತಿಯವನು ಯಾರ ಮನೆಯ ಪಂಕ್ತಿಯಲ್ಲಿ ಕೂರಬಹುದು ಎಂಬ ಲೆಕ್ಕ ಊಟಕ್ಕಿಂತ ಮೊದಲೇ ಮುಗಿದಿರುತ್ತಿತ್ತು. ತಾತಯ್ಯನೆಂದೇ ಊರು ಕರೆದ ಎಂ. ವೆಂಕಟಕೃಷ್ಣಯ್ಯನವರ ಅನಾಥಾಲಯ, ಮಠಗಳ ಉಚಿತ ಪ್ರಸಾದನಿಲಯಗಳು, ಸಮುದಾಯಗಳ ವಿದ್ಯಾರ್ಥಿನಿಲಯಗಳು ಒಂದೊಂದಾಗಿ ಹುಟ್ಟಿದ್ದು ಈ ಕೊರತೆ ತುಂಬಲು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯಿಂದ ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಸಿಕ್ಕಿತು ಎಂದು ಚರಿತ್ರೆ ಹೇಳುತ್ತದೆ. ಆ ನೌಕರಿಗೆ ಬೇಕಾದ ಪದವಿ ಮುಗಿಯುವವರೆಗೆ ಹುಡುಗರನ್ನು ನಗರದಲ್ಲಿ ಉಳಿಸಿದ್ದು ವಿದ್ಯಾರ್ಥಿನಿಲಯದ ಅನ್ನ. ದೇವರಾಜ ಅರಸರ ಕಾಲದಲ್ಲಿ ಸರ್ಕಾರಿ ಹಾಸ್ಟೆಲುಗಳು ಹೆಚ್ಚಿದ ಮೇಲಂತೂ ಹಳ್ಳಿಯ ಒಂದಿಡೀ ತಲೆಮಾರು ಕಾಲೇಜು ಮೆಟ್ಟಿಲೇರಿತು.

ಹಾಸ್ಟೆಲು ಹೊಟ್ಟೆ ತುಂಬಿಸುವ ಜಾಗವಾಗಿಯಷ್ಟೇ ಉಳಿಯಲಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂದರು. ಕಾಲೇಜು ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಆ ದಿನಗಳಲ್ಲಿ ದಲಿತ ಹುಡುಗರು ಒಟ್ಟಿಗೆ ಕೂತು ಮಾತಾಡಿದ್ದು, ಅಂಬೇಡ್ಕರ್ ಓದಿದ್ದು, ಹಾಡು ಕಟ್ಟಿದ್ದು ಹಾಸ್ಟೆಲಿನ ಕೋಣೆಗಳಲ್ಲಿ. ಕರ್ನಾಟಕದ ದಲಿತ ಚಳವಳಿಯ ಬೇರು ಅಲ್ಲಿದೆ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಬೆಳೆದ ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಒಮ್ಮೆ ಓದಿದರೆ ಸಾಕು, ವಿದ್ಯಾರ್ಥಿನಿಲಯವಿಲ್ಲದೆ ಆ ಕವಿಯೂ ಇಲ್ಲ ಎಂಬುದು ತಿಳಿಯುತ್ತದೆ. ಹಿಂದೆ ಅಗ್ರಹಾರದ ಮನೆಯ ಜಗಲಿ ಕೆಲವರಿಗೆ ಕೊಟ್ಟ ಸಂಜೆಯನ್ನು ಹಾಸ್ಟೆಲು ಉಳಿದವರಿಗೆ ಕೊಟ್ಟಿತು. ಸರ್ಕಾರ ಉನ್ನತ ಶಿಕ್ಷಣಕ್ಕೆ ಮಾಡಿದ ಖರ್ಚುಗಳಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಬೇರೊಂದಿಲ್ಲ.

ಹೆಣ್ಣುಮಕ್ಕಳ ಪಾಲಿಗೆ ಮಾತ್ರ ಇದು ಇನ್ನೂ ಬಗೆಹರಿದಿಲ್ಲ. ಮಹಾರಾಣಿ ಹೆಸರಿನ ಬಾಲಕಿಯರ ಶಾಲೆ ಮೈಸೂರಿನಲ್ಲಿ ತೆರೆದದ್ದು 1881ರಲ್ಲಿ. ಅಂದರೆ ಹೆಣ್ಣುಮಕ್ಕಳ ಹಗಲಿಗೆ ಈ ಊರು ಬಹಳ ಹಿಂದೆಯೇ ಬಾಗಿಲು ತೆರೆದಿದೆ. ಸಂಜೆಗೆ ತೆರೆದಿಲ್ಲ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ ಇಡೀ ರಾಜ್ಯ ತತ್ತರಿಸಿತು. ಅದರ ಬೆನ್ನಲ್ಲೇ ಮೈಸೂರು ವಿಶ್ವವಿದ್ಯಾಲಯ ಒಂದು ಸುತ್ತೋಲೆ ಹೊರಡಿಸಿತು: ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಅದರ ಆವರಣವಾದ ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಕೂಡದು, ಕುಕ್ಕರಹಳ್ಳಿ ಕೆರೆಗೂ ಪ್ರವೇಶವಿಲ್ಲ. ಅಪರಾಧ ಮಾಡಿದವರು ಯಾರೋ, ಮನೆಯೊಳಗೆ ಕೂರಬೇಕಾದವರು ಯಾರೋ ಎಂದು ವಿದ್ಯಾರ್ಥಿನಿಯರು ಕೇಳಿದರು, ರಾಜ್ಯದೆಲ್ಲೆಡೆ ಟೀಕೆ ಬಂತು, ಸುತ್ತೋಲೆ ಹಿಂದಕ್ಕೆ ಹೋಯಿತು. ನಾರಾಯಣರಿಗೆ ಒಂದು ವರ್ಷವಿಡೀ ತೆರೆದಿದ್ದ ಕೆರೆ ಅದು. ಸುತ್ತೋಲೆ ಹೋದರೂ ಅದರ ಹಿಂದಿನ ಯೋಚನೆ ಹೋಗಿಲ್ಲ. ಹುಡುಗಿಯರ ಹಾಸ್ಟೆಲು, ಪಿಜಿಗಳಲ್ಲಿ ಗೇಟು ಬೇಗ ಮುಚ್ಚುತ್ತದೆ. ಹುಡುಗರ ಗೇಟಿನ ಬಗ್ಗೆ ಅಷ್ಟು ಬಿಗಿ ಕಾಣುವುದಿಲ್ಲ. ಹೆತ್ತವರ ಭಯ ನಿಜವಾದದ್ದು, ಅದನ್ನು ಹಗುರವಾಗಿ ಕಾಣಕೂಡದು. ಆ ಭಯಕ್ಕೆ ಉತ್ತರ ಬೀದಿದೀಪ, ಗಸ್ತು, ಬಸ್ಸು ಮತ್ತು ಜನಸಂಚಾರ. ಹುಡುಗಿಯರನ್ನು ಒಳಗೆ ಕೂರಿಸಿದಷ್ಟೂ ಹೊರಗಿನ ಬೀದಿ ಇನ್ನಷ್ಟು ನಿರ್ಜನವಾಗುತ್ತದೆ, ಅಪಾಯವೂ ಹೆಚ್ಚುತ್ತದೆ.

ಈಗಿನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ನಗರದಲ್ಲಿ ಉಳಿಯುವುದೇ ಇಲ್ಲ. ನಂಜನಗೂಡು, ಟಿ. ನರಸೀಪುರ, ಹುಣಸೂರು, ಶ್ರೀರಂಗಪಟ್ಟಣ, ಎಚ್.ಡಿ. ಕೋಟೆಯ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಓದು ನಿಂತೇಹೋಗುತ್ತಿದ್ದ ಎಷ್ಟೋ ಮನೆಗಳ ಹುಡುಗಿಯರಿಗೆ ಇದು ದೊಡ್ಡ ಬಲ. ಆದರೆ ಬಸ್ಸು ಕರೆತರುವುದಷ್ಟೇ ಅಲ್ಲ, ಕರೆದುಕೊಂಡೂ ಹೋಗುತ್ತದೆ. ಒಳಹಳ್ಳಿಗೆ ಸಂಜೆಯ ಬಸ್ಸು ತಪ್ಪಿದರೆ ಗತಿಯಿಲ್ಲ. ಕಡೆಯ ಪೀರಿಯಡ್ ಮುಗಿಯುವ ಮೊದಲೇ ಕಣ್ಣು ಗಡಿಯಾರದ ಮೇಲಿರುತ್ತದೆ. ಮೂರು ವರ್ಷ ಮೈಸೂರಿನಲ್ಲಿ ಓದಿಯೂ ರಂಗಾಯಣದ ಒಂದು ನಾಟಕ ನೋಡದೆ, ಓರಿಯಂಟಲ್ ಲೈಬ್ರರಿಯ ಮೆಟ್ಟಿಲು ಹತ್ತದೆ ಪದವಿ ಮುಗಿಸಿಬಿಡಬಹುದು. ನಗರದಲ್ಲಿ ಕೋಣೆ ಮಾಡಿಕೊಂಡ ಹುಡುಗರಿಗೂ ಬಿಡುವು ಕಡಿಮೆ: ರಾತ್ರಿ ಬೈಕಿನಲ್ಲಿ ಊಟದ ಡೆಲಿವರಿ, ಮದುವೆ ಸೀಸನ್ನಿನಲ್ಲಿ ಕೇಟರಿಂಗ್‌ಗೆ ಬಡಿಸುವ ಕೆಲಸ. ದುಡಿದು ಓದುವುದು ಗೌರವದ ಸಂಗತಿ. ಆದರೆ ಆ ದುಡಿಮೆ ಓದುವ ಹೊತ್ತನ್ನೇ ತಿಂದುಹಾಕಿದಾಗ ನಷ್ಟವಾಗುವುದು ಆ ಹುಡುಗನಿಗೆ ಮಾತ್ರವಲ್ಲ, ಅವನನ್ನು ಓದಿಸಬೇಕೆಂದು ಹೊರಟ ಸಮಾಜಕ್ಕೂ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎಲ್ಲವೂ ಫೋನಿನಲ್ಲಿ ಸಿಗುವಾಗ ನಗರವೇಕೆ ಬೇಕು ಎಂಬುದು ಮೊದಲನೆಯದು. ಫೋನಿನಲ್ಲಿ ಉಪನ್ಯಾಸ ಸಿಗುತ್ತದೆ, ನಾಟಕದ ವಿಡಿಯೊ ಸಿಗುತ್ತದೆ, ಹಸ್ತಪ್ರತಿಯ ಚಿತ್ರವೂ ಸಿಗುತ್ತದೆ, ಅದೆಲ್ಲ ಒಳ್ಳೆಯದೇ. ಆದರೆ ಹುಡುಕಿದ್ದು ಸಿಗಬೇಕಾದರೆ ಏನನ್ನು ಹುಡುಕಬೇಕೆಂದು ಮೊದಲು ಗೊತ್ತಿರಬೇಕು. ಇಂಗ್ಲಿಷಿನಲ್ಲೇ ಬರೆಯಬೇಕೆಂದುಕೊಂಡಿದ್ದ ಹುಡುಗ ಕನ್ನಡದಲ್ಲಿ ಬರೆಯಲೇ ಎಂದು ಕಸಿನ್ಸ್‌ರನ್ನು ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಸಿಕ್ಕ ಉತ್ತರ ಅದು. ಎದುರಿಗೆ ಮನುಷ್ಯ ಕೂತಾಗಲೇ ಅಂಥದು ನಡೆಯುವುದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗಿಗೆ ಬೇಕಾದದ್ದು ಪದವಿ ಮತ್ತು ಕೆಲಸ. ಕಾಫಿ ಹೌಸಿನ ಹರಟೆ, ನಾಟಕ ಎಲ್ಲ ಅನುಕೂಲಸ್ಥರ ವಿಲಾಸ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಕಾಳಜಿಯಿದೆ, ಆದರೆ ಲೆಕ್ಕ ತಲೆಕೆಳಗಾಗಿದೆ. ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಧೈರ್ಯ, ಅಪರಿಚಿತರೊಡನೆ ಮಾತಾಡುವ ಸಲೀಸು, ಯಾವ ಕೋರ್ಸು ಎಲ್ಲಿದೆ, ಯಾರನ್ನು ಕೇಳಬೇಕು ಎಂಬ ತಿಳಿವಳಿಕೆ – ಇವೆಲ್ಲ ಅನುಕೂಲಸ್ಥರ ಮಕ್ಕಳಿಗೆ ಊಟದ ಮೇಜಿನಲ್ಲೇ ಸಿಗುತ್ತವೆ. ಪ್ರಾಧ್ಯಾಪಕರ ಮಗನಾಗಿ ಮೈಸೂರಿನಲ್ಲೇ ಬೆಳೆದ ಎ.ಕೆ. ರಾಮಾನುಜನ್ ಅವರಿಗೆ ಮನೆಯೇ ಗ್ರಂಥಾಲಯ, ಮನೆಯೇ ಮೂರು ಭಾಷೆಗಳ ಶಾಲೆ. ಮನೆಯಲ್ಲಿ ಅದಿಲ್ಲದವರು ಅದನ್ನು ಪಡೆಯಬೇಕಾದದ್ದು ನಗರದಿಂದ. ಅವರನ್ನೇ ನಾಲ್ಕೂವರೆಯ ಬಸ್ಸಿಗೆ ಹತ್ತಿಸಿ ಕಳಿಸಿ, ಸಂದರ್ಶನದಲ್ಲಿ ‘ಸಂವಹನ ಕೌಶಲ ಸಾಲದು’ ಎಂದು ಹೊರಗಿಡುವುದು ಅನ್ಯಾಯ.

ಮೈಸೂರಿನಲ್ಲಿ ಪರಂಪರೆಯ ಮಾತು ಬಂದಾಗಲೆಲ್ಲ ಅದು ಗಾರೆ, ಕಲ್ಲು, ಗೋಪುರಗಳಿಗೆ ಬಂದು ನಿಲ್ಲುತ್ತದೆ. ಕಟ್ಟಡಗಳ ಕಾಳಜಿ ಬೇಕು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. ವಿದ್ಯಾರ್ಥಿಗಳ ಪಾಲಿನ ಹಳೆ ಪುಸ್ತಕದಂಗಡಿಗಳ ಸಾಲೂ ಅದರೊಂದಿಗೆ ಹೋಯಿತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಬಿತ್ತು. ಪ್ರಾಣಹಾನಿಯಾಗದಿದ್ದದ್ದು ಪುಣ್ಯ. ಆದರೆ ಕಟ್ಟಡ ಎಬ್ಬಿಸುವವರು ನಕ್ಷೆಯ ಜೊತೆಗೆ ವೇಳಾಪಟ್ಟಿಯನ್ನೂ ಬರೆಯಬೇಕು. ವಾಚನಾಲಯ ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ, ಕಾಲೇಜಿನಿಂದ ನಡೆದು ಹೋಗುವ ದೂರದಲ್ಲಿ ಹುಡುಗಿಯರಿಗೆ ಎಷ್ಟು ಹಾಸ್ಟೆಲ್ ಸೀಟುಗಳಿವೆ, ನಾಟಕ ಮುಗಿದ ಮೇಲೆ ಹಾಸ್ಟೆಲಿನವರೆಗೆ ಸಿಟಿ ಬಸ್ಸು ಇದೆಯೇ, ಹುಡುಗ ಹುಡುಗಿಯರಿಬ್ಬರ ಗೇಟೂ ಒಂದೇ ಹೊತ್ತಿಗೆ ಮುಚ್ಚುತ್ತದೆಯೇ. ದಸರೆಗೆ ಮುನ್ನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುವ ದಿನಗಳಲ್ಲಿ ಸುತ್ತಲಿನ ಜಿಲ್ಲೆಗಳ ಕಾಲೇಜು ತಂಡಗಳು ರಾತ್ರಿಯವರೆಗೂ ಕುಣಿಯುತ್ತವೆ. ಪೊಲೀಸರಿರುತ್ತಾರೆ, ದೀಪವಿರುತ್ತದೆ, ಹುಡುಗಿಯರು ನಗುತ್ತಾ ಗುಂಪುಗುಂಪಾಗಿ ಹೊರಗೆ ಬರುತ್ತಾರೆ. ಉತ್ಸವಕ್ಕೆಂದು ಜಿಲ್ಲಾಡಳಿತ ಮಾಡಬಲ್ಲ ಈ ಏರ್ಪಾಡನ್ನು ಜುಲೈ ತಿಂಗಳ ಒಂದು ಮಾಮೂಲಿ ಮಂಗಳವಾರಕ್ಕೂ ಮಾಡಬೇಕೆಂದು ವಿದ್ಯಾರ್ಥಿಗಳು ಕೇಳಿದರೆ, ಆಗದು ಎನ್ನಲು ಅದರ ಬಳಿ ಯಾವ ಕಾರಣವೂ ಉಳಿದಿಲ್ಲ.