ವೆನಿಲ್ಲಾದ ದ್ವೀಪಕ್ಕೆ ಬೇರೆ ಬಾಗಿಲು

ಪುತ್ತೂರು, ಸುಳ್ಯ, ಕಡಬದ ಕಡೆಯ ತೋಟಗಳಲ್ಲಿ ಒಂದು ಕಾಲಕ್ಕೆ ವೆನಿಲ್ಲಾ ಬಳ್ಳಿ ಹಬ್ಬಿತ್ತು. ಹೂ ಅರಳಿದ ಬೆಳಗ್ಗೆ ಮನೆಮಂದಿಯೆಲ್ಲ ಕಡ್ಡಿ ಹಿಡಿದು, ಒಂದೊಂದು ಹೂವಿಗೂ ಪರಾಗಸ್ಪರ್ಶ ಮಾಡಿಸಬೇಕಾಗಿದ್ದಿತು. 2004ರ ನಂತರ ಬೆಲೆ ಬಿದ್ದಿತು. ಹಲವರು ಬಳ್ಳಿಯನ್ನೇ ಕಿತ್ತೊಗೆದರು. ಆದರೆ ಆ ಕೈಚಳಕವು ಎಲ್ಲಿಯದು?

ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ್ದು. ಪರಾಗವೊಯ್ಯುವ ಕೀಟಗಳು ಮೆಕ್ಸಿಕೋದಲ್ಲಿಯೇ ಉಳಿದುದರಿಂದ, ಅಲ್ಲಿಂದ ತಂದು ನೆಟ್ಟ ಬಳ್ಳಿಯು ದ್ವೀಪದಲ್ಲಿ ಹೂಬಿಟ್ಟರೂ ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ 12 ವರ್ಷದ ಗುಲಾಮ ಬಾಲಕ ಎಡ್ಮಂಡ್ ಆಲ್ಬಿಯಸ್ ಈ ಸುಲಭೋಪಾಯವನ್ನು ಕಂಡುಹಿಡಿದನು. ತೋಟದೊಡೆಯರು ಸಿರಿವಂತರಾದರು, ಅವನು 1880ರಲ್ಲಿ ಬಡವನಾಗಿಯೇ ತೀರಿಕೊಂಡನು.

ಆ ನೆಲವನ್ನು ಕಣ್ಣಾರೆ ಕಾಣಬೇಕೆಂದು ನಮ್ಮ ಕೃಷಿಕರೊಬ್ಬರು ಹಂಬಲಿಸಿದರೆನ್ನಿ. ರಿಯೂನಿಯನ್ 1946ರಿಂದ ಫ್ರಾನ್ಸಿನ ಜಿಲ್ಲೆಯೇ ಆಗಿದೆ, ನಾಣ್ಯ ಯೂರೋ, ಪ್ಯಾರಿಸಿನ ಸಂಸತ್ತಿಗೆ ಅಲ್ಲಿಂದಲೂ ಸದಸ್ಯರು ಆರಿಸಿ ಬರುತ್ತಾರೆ. ಪ್ಯಾರಿಸಿಗೆ ದೊರೆತ ವೀಸಾ ಇಲ್ಲಿಗೂ ಸಾಕೆಂದು ಅವರು ಭಾವಿಸಿದರೆ ಆಶ್ಚರ್ಯವೇನು? ಆದರೆ ಸಾಲದು. ಷೆಂಗೆನ್ ಒಪ್ಪಂದವು ಯೂರೋಪಿನಲ್ಲಿರುವ ಫ್ರಾನ್ಸಿಗೆ ಮಾತ್ರ ಅನ್ವಯಿಸುತ್ತದೆ. ಮಾರ್ಟಿನೀಕ್, ಗ್ವಾಡೆಲೂಪ್, ಫ್ರೆಂಚ್ ಗಯಾನ, ಮಯೋಟ್‌ಗಳದೂ ಇದೇ ಕಥೆ. ಧ್ವಜ ಒಂದೇ, ಬಾಗಿಲು ಬೇರೆ.

ಆದುದರಿಂದ ಬೆಂಗಳೂರಿನಲ್ಲಿ ಅರ್ಜಿ ಕೊಡುವಾಗ ಗಮ್ಯಸ್ಥಾನ ರಿಯೂನಿಯನ್ ಎಂದು ಸ್ಪಷ್ಟವಾಗಿ ಬರೆಯಬೇಕು. ಪ್ಯಾರಿಸನ್ನೂ ನೋಡುವುದಿದ್ದರೆ ಅದನ್ನೂ ತಿಳಿಸಬೇಕು. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದ ಮೇಲೆ ಆ ಪ್ರದೇಶದ ಹೆಸರಿದೆಯೇ ಎಂದು ಓದಿ ನೋಡುವುದು ಲೇಸು. ಇಲ್ಲವಾದರೆ ಪ್ಯಾರಿಸಿನವರೆಗೆ ಹೋದವರನ್ನು ಮುಂದಿನ ವಿಮಾನಕ್ಕೆ ಹತ್ತಿಸಲಾರರು. ಟಿಕೆಟಿನ ಹಣವೂ ಹೋದೀತು. ಕೆಲವು ಸಡಿಲಿಕೆಗಳೂ ಉಂಟು. ಅವು ಬದಲಾಗುತ್ತಿರುವುದರಿಂದ ಟಿಕೆಟು ಕೊಳ್ಳುವ ಮುನ್ನವೇ ವಿಚಾರಿಸಬೇಕು.

ವಿನೋದವೆಂದರೆ, ಒಂದು ಕಾಲಕ್ಕೆ ಭಾರತೀಯರನ್ನು ಅಲ್ಲಿಗೆ ಒಯ್ಯಲು ಯಾರೂ ಇಷ್ಟು ಕಾಗದ ಕೇಳುತ್ತಿರಲಿಲ್ಲ. 1848ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು; 1860ರಲ್ಲಿ ಬ್ರಿಟನ್ನಿನೊಡನೆ ಒಪ್ಪಂದವೇ ಆಯಿತು. ಕರಾರುಪತ್ರಕ್ಕೆ ಹೆಬ್ಬೆಟ್ಟೊತ್ತಿಸಿ ಹಡಗು ಹತ್ತಿಸಿದರಾಯಿತು. ಹೆಚ್ಚಿನವರು ತಮಿಳರು, ಆದರೂ ಅವರ ಸಂತತಿಯನ್ನು ಅಲ್ಲಿ ‘ಮಲಬಾರ್’ ಎಂದೇ ಕರೆಯುತ್ತಾರೆ!

ಮಾರಿಷಸ್ಸಿಗೆ ನಮ್ಮವರು ಮುಂಗಡ ವೀಸಾ ಇಲ್ಲದೆ ಹೋಗಬಹುದು. ಅಲ್ಲಿಂದ ರಿಯೂನಿಯನ್‌ಗೆ ಮುಕ್ಕಾಲು ಗಂಟೆಯ ವಿಮಾನಯಾನ. ಇಷ್ಟು ಸಮೀಪವಾಯಿತಲ್ಲ ಎಂದು ಅಲ್ಲಿಂದಲೇ ಹೊರಟರೂ, ವಿಮಾನ ಹತ್ತುವ ಮೊದಲು ಅದೇ ಕಾಗದವನ್ನು ಕೇಳುತ್ತಾರೆ.